ಕಾಡಿಗೆ ಕಣ್ಣಿನ ಡೆರಿಲ್

ಸನ್‌ಸೆಟ್ ಬೀದಿಯ ಬಾರಿಗೆ ದಿನಾ ಮಧ್ಯಾಹ್ನ ಬರುವ ಡೆರಿಲ್ ಒಂದು ಕಾಲದ ಗ್ಲಾಮ್ ಮೆಟಲ್ ಗಾಯಕ, ಮುಖಕ್ಕೆ ಬಣ್ಣ ಬಳಿದು ಅಬ್ಬರದ ರಾಕ್ ಹಾಡುತ್ತಿದ್ದವನು. ವಯಸ್ಸು ಎಪ್ಪತ್ತರ ಹತ್ತಿರ. ಆದರೂ ಕಣ್ಣಿಗೆ ಕಾಡಿಗೆ, ಬೋಳುತಲೆಗೆ ಹೊಂಬಣ್ಣದ ವಿಗ್ಗು, ಹೊಟ್ಟೆ ಹೊರಚೆಲ್ಲುವ ಚಿರತೆಚುಕ್ಕಿಯ ಪ್ಯಾಂಟು ತಪ್ಪಿದ್ದಲ್ಲ. ಹೋಟೆಲಿನ ಕಿಟಕಿಯಿಂದ ಟೀವಿ ಎಸೆದದ್ದನ್ನು ಯುದ್ಧ ಗೆದ್ದವನಂತೆ ಹೇಳುತ್ತಾನೆ. ಕುಡಿದು ಸತ್ತ ತನ್ನ ತಂಡದ ಗಿಟಾರಿನವನನ್ನು ದಮ್ಮಿಲ್ಲದವನು ಎನ್ನುತ್ತಾನೆ. ಸ್ಪೀಕರಿನಲ್ಲಿ ಏನೇ ಬರಲಿ, "ಇದೂ ಒಂದು ಹಾಡಾ? ನಮ್ಮ ಕಾಲ್ದಲ್ಲಿ ಗೋಡೆ ನಡುಗ್ತಿತ್ತು ಕಣೇ" ಎಂದು, ಬಾರಿನಲ್ಲಿ ಬಡಿಸುವ ಮರ್ಲೀನ್‌ಳ ತಲೆ ತಿನ್ನುತ್ತಾನೆ. ಅವನ ಮುಖ ಕಂಡರೇ ಅವಳಿಗೆ ಮೈಯೆಲ್ಲ ಉರಿ. ಮೊನ್ನೆಯೂ ಹಾಗೇ ಬೈಯುತ್ತಿದ್ದಾಗ ತಡೆಯಲಾರದೆ, "ಅದು ನಿನ್ನದೇ ಹಾಡಲ್ವೇನಪ್ಪಾ" ಎಂದಳು. "ಏನಂದೆ?" ಅವಳು ಕೂಗಿ ಹೇಳಿದರೂ ಅವನಿಗೆ ಕೇಳಿಸಲಿಲ್ಲ. ಕೊನೆಗೆ ಅವನ ಕೈ ಎಳೆದು ಸ್ಪೀಕರಿನ ಮೇಲಿಟ್ಟಳು. ಅಂಗೈಗೆ ತಾಳ ಸಿಕ್ಕಿದ್ದೇ ಡೆರಿಲ್ ಕಣ್ಣು ಮುಚ್ಚಿ, ಶ್ರುತಿಯೇ ಇಲ್ಲದೆ ಹಾಡತೊಡಗಿದ. ಗಿರಾಕಿಗಳು ನಕ್ಕರು. ಮರ್ಲೀನ್ ಅವರತ್ತ ನೋಡದೆ, ಅವನ ಕೈ ಅದುರುವಷ್ಟು ಸದ್ದು ಹೆಚ್ಚಿಸಿದಳು.