ಮೆಟ್ಟಿಲು ಹತ್ತಿಸುತ್ತಿದ್ದ ಡಾಕ್ಟರು

ಡಾಕ್ಟರ್ ತಮ್ಮಣ್ಣನವರು ಯಾರ ಎದೆಗೂ ಕತ್ತಿ ಹಾಕುವ ಮೊದಲು ಅವರ ಜೊತೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು. ರೋಗಿಯ ನಾಡಿ ಹಿಡಿದುಕೊಂಡೇ ಮಳೆ, ಎಮ್ಮೆ, ಮೊಮ್ಮಕ್ಕಳು ಎಂದು ಹರಟೆ. ಎರಡನೇ ಮಹಡಿ ಮುಟ್ಟಿದ ಮೇಲೂ ಆತ ಮಾತಿಗೆ ಮಾತು ಕೊಟ್ಟರೆ ಆಪರೇಷನ್ನು. ನಡುವೆ ಕೂತುಬಿಟ್ಟರೆ ಇಲ್ಲ. "ಮೆಟ್ಲು ಸುಳ್ಳೇಳಲ್ಲ ಕಣಪ್ಪ, ಮನುಸ್ರು ಏಳ್ತಾರೆ" ಎನ್ನುತ್ತಿದ್ದರು.

ಬಿಂಡಿಗನವಿಲೆಯಲ್ಲಿ ಕುರಿ ಕಾದು ಬೆಳೆದವರು. ಮೈಸೂರಿನಲ್ಲಿ ಎದೆಯ ಗಡ್ಡೆ ತೆಗೆಯುವ ದೊಡ್ಡ ಸರ್ಜನ್ ಆದರೂ ಭಾನುವಾರ ಸ್ಕೂಟರು ಹತ್ತಿ ಪಾಲಹಳ್ಳಿ, ಪಾಂಡವಪುರದ ಕಡೆಯ ಆಲೆಮನೆಗಳನ್ನು ಸುತ್ತುತ್ತಿದ್ದರು. ಬೆಲ್ಲದ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರ ಕೆಮ್ಮು ಕೇಳಿ ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವರು. ಅವರ ಎದೆ ಕೆಡಿಸುವುದು ಒಲೆಯ ಹೊಗೆಯೋ, ಬೀಡಿಯೋ ಎಂಬುದೇ ಡಾಕ್ಟರ ಸಂಶೋಧನೆ. ಬೀಡಿ ಮುಟ್ಟದ ಒಬ್ಬ ಒಲೆಯವನು ಸಿಗಲಿ ಎಂದು ವರ್ಷಗಟ್ಟಲೆ ಹುಡುಕುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಅಪ್ಪ ಅವರ ಕೈಗೆ ಸಿಕ್ಕಿದರು. ತೊಣ್ಣೂರಿನ ಹತ್ತಿರದ ಆಲೆಮನೆಯಲ್ಲಿ ಮೂವತ್ತು ವರ್ಷ ಒಲೆ ನೋಡಿಕೊಂಡವರು. ಟಿ.ಬಿ. ಎಂದುಕೊಂಡು ಆರು ತಿಂಗಳು ಮಾತ್ರೆ ನುಂಗಿಸಿದ್ದೆವು. ಡಾಕ್ಟರು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದರು. ಅಪ್ಪ ಮೆಟ್ಟಿಲನ್ನು ಮಾತಾಡುತ್ತಲೇ ಹತ್ತಿದರು. ಡಾಕ್ಟರು ಪುಸ್ತಕ ತೆಗೆದರು.

"ಬೀಡಿ ಎಷ್ಟು ಗೌಡ್ರೇ?"

ಪಕ್ಕದಲ್ಲೇ ದೊಡ್ಡಪ್ಪ ನಿಂತಿದ್ದರು. ಅಪ್ಪನಿಗೆ ಅರವತ್ತಾಗಿದ್ದರೂ ಅಣ್ಣನ ಎದುರು ಬೀಡಿ ಹಚ್ಚಿದವರಲ್ಲ. ಅಣ್ಣ ಬರುವ ಸದ್ದಾದರೆ ಉರಿಯುವ ಬೀಡಿಯನ್ನು ಅಂಗೈಯಲ್ಲೇ ಮುಚ್ಚಿಕೊಳ್ಳುತ್ತಿದ್ದರು. "ಚಿಕ್ಕಂದಿನಿಂದ್ಲೂ ಮುಟ್ಟಿಲ್ಲ ಸಾ" ಎಂದುಬಿಟ್ಟರು. ಬಟ್ಟೆಯ ಹೊಗೆ ವಾಸನೆ ಆಲೆಮನೆಯದೆಂದು ಡಾಕ್ಟರು ನಂಬಿದರು. ಅವರ ಮುಖ ಅರಳಿದ್ದನ್ನು ನೋಡಿದೆ. ಕೆ.ಆರ್.ಪೇಟೆಯ ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಮಾಡುತ್ತಿದ್ದ ನಾನು, ದೊಡ್ಡಪ್ಪನ ಮುಂದೆ ಅಪ್ಪನ ಮಾನ ತೆಗೆಯಲಾರದೆ, ತುಟಿ ಪಿಟಕ್ಕೆನ್ನಲಿಲ್ಲ. ಮೂರು ವಾರ ಬಿಟ್ಟು ಆಪರೇಷನ್ ಎಂದಾಯಿತು.

ಆ ಮೂರು ವಾರ ಅಪ್ಪ ಹಿತ್ತಿಲಲ್ಲಿ ದಿನಕ್ಕೆರಡು ಕಟ್ಟು ಬೀಡಿ ಸುಡುತ್ತಲೇ ಇದ್ದರು. ನಾನು ಬೈದರೆ, "ಸುಮ್ಕಿರು, ಅಣ್ಣಯ್ಯಂಗೆ ಕೇಳ್ಸಾತು" ಎನ್ನುವರು. ಆಪರೇಷನ್ನಿನ ದಿನ ಅವರನ್ನು ಸ್ಟ್ರೆಚರಿಗೆ ಹತ್ತಿಸುತ್ತಿದ್ದಾಗ ನಾನು ಹಿಡಿದಿದ್ದ ಅವರ ಕೈ ಬಿಟ್ಟೆ. ಓಡಿಹೋಗಿ, ಕೈ ತೊಳೆಯುತ್ತಿದ್ದ ಡಾಕ್ಟರಿಗೆ ಬಾಗಿಲಿನಿಂದಲೇ ನಿಜ ಹೇಳಿದೆ.

ಅವರು ನಲ್ಲಿ ನಿಲ್ಲಿಸಿದರು. "ಇವತ್ತಿನ್ ಗಂಟನೂ ಸೇದ್ತಾವ್ರಾ?"

"ಹೂಂ ಸಾರ್."

"ಆ ಕಫ ಒಳಗಿಟ್ಕೊಂಡು ಎದೆ ಕುಯ್ದ್ರೆ ನಾಳೀಕೆ ಉಸ್ರು ಕಟ್ಟಿ ಸಾಯ್ತಾರೆ ಕಣವ್ವ! ಮೊದಲ್ನೇ ದಿನ ಬಾಯಿಗೇನಾಗಿತ್ತು?" ಅವರು ಕೂಗಿದ್ದನ್ನು ಕೇಳಿದ್ದು ಅದೊಂದೇ ಸಲ.

ಆಪರೇಷನ್ನನ್ನು ನಾಲ್ಕು ವಾರ ಮುಂದಕ್ಕೆ ಹಾಕಿದರು. ಅಪ್ಪನನ್ನು ಅಲ್ಲೇ ಇಟ್ಟುಕೊಂಡು, ಬೀಡಿ ಬಿಡಿಸಿ, ದಿನಾ ಬೆನ್ನು ತಟ್ಟಿ ಕಫ ಕಕ್ಕಿಸಿದರು. ಕೊನೆಗೆ ಎದೆ ತೆರೆದಾಗ ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ತೆಗೆಯಲಾಗದೆ ಹಾಗೇ ಮುಚ್ಚಿ ಹೊಲಿದರು. ಅಪ್ಪ ಮುಂದಿನ ಯುಗಾದಿ ನೋಡಲಿಲ್ಲ.

ತಿಥಿ ಕಳೆದ ಮೇಲೆ ದೊಡ್ಡಪ್ಪನನ್ನು ಕರೆದುಕೊಂಡು ಡಾಕ್ಟರ ಬಳಿ ಹೋದೆ. ಒಂದು ಮಾತು ಕೇಳದೆ ನನಗೆ ನೆಮ್ಮದಿ ಇರಲಿಲ್ಲ.

"ಮೊದಲ ದಿನವೇ ಹೇಳಿದ್ದರೆ ಅಪ್ಪ ಉಳಿಯುತ್ತಿದ್ದರಾ ಸಾರ್?"

ಅವರು ನನ್ನನ್ನೇ ನೋಡಿದರು. "ಗೊತ್ತಿಲ್ಲ ಕಣವ್ವ. ಉಳೀತಿರ್ಲಿಲ್ಲ ಅಂದ್ರೆ ನಿಂಗೆ ಸಮಾಧಾನ ಆಯ್ತದೆ, ಆದ್ರೆ ನಂಗೆ ಗೊತ್ತಿಲ್ಲ. ಬೀಡಿ ಸೇದ್ದೇ ಇರೋನು ಒಬ್ಬ ನಂಗೂ ಬೇಕಾಗಿದ್ದ. ಅದ್ಕೇ ಇನ್ನೊಂದ್ಸಲ ಕೇಳ್ಲಿಲ್ಲ."

ನಾನು ಅತ್ತುಬಿಟ್ಟೆ. ಆಗ ದೊಡ್ಡಪ್ಪ, "ಮಗೀನ ಅಳುಸ್ಬ್ಯಾಡಿ ಸಾ" ಎಂದರು. "ಅವ್ನು ಸೇದೋದು ನಂಗೆ ನಲವತ್ತು ವರ್ಸದಿಂದ ಗೊತ್ತು. ಗೊತ್ತು ಅಂದಿದ್ರೆ ನನ್ ಮುಂದೆ ತಲೆ ಎತ್ತಾನೇನು ಅಂತ ಸುಮ್ಕಿದ್ದೆ."

ಡಾಕ್ಟರು ಕುರ್ಚಿಯಿಂದ ಎದ್ದು ಬಂದು ದೊಡ್ಡಪ್ಪನ ಪಕ್ಕ ಬೆಂಚಿನ ಮೇಲೆ ಕೂತರು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಆಮೇಲೆ ಅವರಲ್ಲಿಗೆ ಹೋಗಿಬಂದ ನಮ್ಮೂರವರು ಹೇಳುತ್ತಿದ್ದರು: "ಅಣ್ಣ, ತಮ್ಮ, ಹೆಂಡ್ರು, ಮಕ್ಳು ಎಲ್ರುನೂವೆ ಆಚೆ ಕಳುಸ್ತಾರೆ ಕಣವ್ವ. ಬಾಗ್ಲಾಕ್ಕೊಂಡು ಮೊದ್ಲು ಬೀಡಿ ಎಷ್ಟು ಅಂತ ಕೇಳ್ತಾರೆ. ಒಂದ್ಸಲ ಅಲ್ಲ, ಮೂರ್ಸಲ."