ಉಣ್ಣೆ ಅಂಗಡಿಯ ಜಗಲಿಯಲ್ಲಿ ಕೈಸರ

ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಹಿರಿಯೂರಿನ ಪೇಟೆ ಬೀದಿಯಲ್ಲಿ ನಮ್ಮದೊಂದು ಉಣ್ಣೆ ಮತ್ತು ಕಂಬಳಿಯ ಅಂಗಡಿ ಇತ್ತು. ಬೆಂಗಳೂರಿನಿಂದ ಟಪಾಲಿನಲ್ಲಿ ನನಗೊಂದು ಕನ್ನಡ ವಾರಪತ್ರಿಕೆ ಬರುತ್ತಿತ್ತು. ಅದು ಬಂದ ಸಂಜೆ ನಾನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಕೇಳಬೇಕು ಎಂಬುದು ನನ್ನ ಆಸೆ, ಅಷ್ಟೆ. ಅರ್ಧ ವಾಕ್ಯ ಮುಗಿಯುವಷ್ಟರಲ್ಲಿ ಅವರವರ ಅಭಿಪ್ರಾಯ ಶುರುವಾಗುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಂದಾಯ ಇಲಾಖೆಯ ನಿವೃತ್ತ ಶೇಕ್ದಾರರೊಬ್ಬರು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಅಚ್ಚಿನಲ್ಲಿ ಬಂದದ್ದು ಸುಳ್ಳಾಗಲು ಸಾಧ್ಯವೇ ಇಲ್ಲ ಎಂಬುದು ಅವರ ವಾದ. ಪಕ್ಕದಂಗಡಿಯ ತೆಂಗಿನಕಾಯಿ ವ್ಯಾಪಾರಿಗೆ ಅದರ ಗೊಡವೆ ಇರಲಿಲ್ಲ. "ಯಾರಾನ ಗೆಲ್ಲಲಿ ಬಿಡ್ರಿ. ಸೀಮೆಎಣ್ಣೆ ಅಗ್ಗ ಆಗ್ತೈತೋ ಇಲ್ವೋ, ಅದನ್ನ ಓದ್ರಿ" ಅನ್ನುತ್ತಿದ್ದ. ದಂಡಿಗೆ ನಮ್ಮ ಕಡೆಯ ಕಂಬಳಿ ಹೋಗುತ್ತಿದ್ದ ಕಾಲ ಅದು, ಯುದ್ಧದ ಬಗ್ಗೆ ನನ್ನ ಅಭಿಪ್ರಾಯವನ್ನು ಮಾತ್ರ ಕೇಳಬೇಡಿ.

ಅಭಿಪ್ರಾಯ ಹೇಳದೆ ಕೇಳುತ್ತಿದ್ದವಳು ಒಬ್ಬಳೇ. ಆದಿವಾಲದ ಕುರಿಗಾಹಿಗಳ ಮನೆಯ ಹೆಂಗಸು, ಗಂಡನಿಲ್ಲ, ಇರುವವನು ಒಬ್ಬ ಮಗ. ಅವನು ಬೆಂಗಳೂರಿಗೆ ಹೋಗಿ ಮಹಾರಾಜರ ಕುದುರೆ ದಂಡಾದ ರಿಸಾಲೆಯ ಲಾಯದಲ್ಲಿ ಕೆಲಸಕ್ಕೆ ಸೇರಿದ್ದ. ರಿಸಾಲೆ ಹಡಗು ಹತ್ತಿದಾಗ ಕುದುರೆಗಳ ಜೊತೆ ಅವನೂ ಹತ್ತಿದ. ಮಿಸರ ದೇಶದ, ಅಂದರೆ ಈಜಿಪ್ಟಿನ, ಮರಳುಗಾಡಿನ ಕಡೆ ಇದ್ದಾನೆ ಎಂಬುದರಾಚೆಗೆ ತಾಯಿಗೆ ಏನೂ ಗೊತ್ತಿರಲಿಲ್ಲ. ಅವಳು ಉಣ್ಣೆ ತರುವುದನ್ನು ಸಂತೆಯ ದಿನದಿಂದ ಪತ್ರಿಕೆ ಬರುವ ದಿನಕ್ಕೆ ಬದಲಾಯಿಸಿಕೊಂಡಳು. ಕಂಬದ ಬುಡದಲ್ಲಿ ಕೂತು, ಮಗ ಬದುಕಿದ್ದಾನೋ ಇಲ್ಲವೋ ಎಂಬ ಒಂದೇ ಮಾತಿಗಾಗಿ ಕಿವಿಗೊಟ್ಟಿರುತ್ತಿದ್ದಳು. ನಾನು ಜರ್ಮನಿಯ ಕೈಸರನ ವಿಷಯ ಓದುವಾಗ ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕೊನೆಗೊಮ್ಮೆ, ಕೈಸರ ಗಡಿ ದಾಟಿ ಓಡಿಹೋದನೆಂಬ ಸುದ್ದಿ ಬಂತು. ಶೇಕ್ದಾರರು ತೊಡೆ ತಟ್ಟಿ ಓದಿಸಿದ್ದನ್ನೇ ಮತ್ತೆ ಓದಿಸಿದರು. ಮರುದಿನ ಬೆಳಿಗ್ಗೆ ಅವಳು ಆದಿವಾಲದಿಂದ ನಡೆದುಕೊಂಡೇ ಬಂದಳು, ಕೈಯಲ್ಲಿ ಬೆಣ್ಣೆಯ ಕುಡಿಕೆ. ಆ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲೇ ಇಲ್ಲ.

"ತಗಳ್ರಿ ಸಾವ್ಕಾರ್ರೆ. ನಿನ್ನೆ ಒಳ್ಳೆ ಮಾತು ಓದಿದ್ರಿ."

"ಏನು ಓದಿದ್ನಮ್ಮ?"

"ಕೈಸೆರೆ ಗಡಿ ದಾಟಿ ಓಡಿಹೋದ ಅಂತ! ನನ್ನ ಮಗಂದು ಮೊದ್ಲಿಂದ್ಲೂ ಚುರುಕು ಕಾಲು, ಇನ್ನ ಯಾರ ಕೈಗೂ ಸಿಗಾಕಿಲ್ಲ. ಅಲ್ಲಿಂದ ಇಲ್ಲಿಗೆ ಬರಾಕೆ ಎಷ್ಟು ದಿನ ಹಿಡಿತೈತೆ?"

ಆಗ ನನಗೆ ಅರ್ಥವಾಯಿತು. ಬಯಲಾಟದಲ್ಲಿ ಸೋತ ರಾಜನನ್ನು ಕೈಸೆರೆ ಹಿಡಿದು ತರುವುದನ್ನು ಕಂಡವಳು ಅವಳು. ನಾನು ಕೈಸರ ಎಂದಾಗಲೆಲ್ಲ ಅವಳಿಗೆ ಕೈಸೆರೆ ಎಂದೇ ಕೇಳಿಸಿತ್ತು, ಸೆರೆಯಾದವನು ತನ್ನ ಮಗನೇ ಎಂದುಕೊಂಡಿದ್ದಳು. ಕೈಸರನ ನಾಡಿನಲ್ಲಿ ಜನಕ್ಕೆ ಅನ್ನವಿಲ್ಲ ಎಂದು ಓದಿದ ಸಂಜೆ ಮನೆಗೆ ಹೋಗಿ ಉಣ್ಣದೆ ಮಲಗಿದ್ದಳಂತೆ.

ಅಲ್ಲೇ ಕೂತಿದ್ದ ಶೇಕ್ದಾರರು ಗಹಗಹಿಸಿ ನಕ್ಕರು. "ಬಾಯಿ ಮುಚ್ಕಂಡು ಕುಂತ್ಕಳ್ರಿ!" ಎಂದು ಕಿರುಚಿಬಿಟ್ಟೆ. ಆ ವಯಸ್ಸಿನವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು, ಅದಕ್ಕೆ ಈಗಲೂ ನನಗೆ ಬೇಸರವಿಲ್ಲ. ಆಮೇಲೆ ಅವಳನ್ನು ಕೂರಿಸಿ, ಕೈಸರ ಅನ್ನುವುದು ಆ ದೇಶದ ರಾಜನಿಗೆ ಹೇಳುವ ಹೆಸರು, ಓಡಿದವನು ಅವನು ಎಂದು ತಿಳಿಸಿದೆ.

"ಹಂಗಾರೆ ನನ್ನ ಮಗ ಕೈಸೆರೆ ಆಗಿಲ್ವಾ?"

"ಗೊತ್ತಿಲ್ಲಮ್ಮ."

"ಸೆರೆಯಾಗಿದ್ರೆ ಜೀವ ಆದ್ರೂ ಐತಲ್ಲ ಅನ್ಕಂಡಿದ್ದೆ" ಅಂದಳು. ಬೇಡವೆಂದರೂ ಬೆಣ್ಣೆಯನ್ನು ವಾಪಸು ಒಯ್ಯಲಿಲ್ಲ.

ರಿಸಾಲೆ ಊರಿಗೆ ಮರಳಿತೆಂದು ಕೇಳಿದ ಮೇಲೂ ಅವಳ ಮಗ ಬರಲಿಲ್ಲ. ಅವಳು ಮಾತ್ರ ತಪ್ಪದೆ ಬರುತ್ತಿದ್ದಳು. ಒಂದು ಸಂಜೆ ನಾನು ಪತ್ರಿಕೆ ಬಿಚ್ಚುತ್ತಿದ್ದಾಗ ಬಬ್ಬೂರಿನವನೊಬ್ಬ ಅವಳನ್ನು ವಿಚಾರಿಸಿಕೊಂಡು ಜಗಲಿಗೆ ಬಂದ. ಅದೇ ಲಾಯದಲ್ಲಿ ಅವಳ ಮಗನ ಜೊತೆ ಕೆಲಸ ಮಾಡಿದವನು. ಕೂರು ಎಂದರೂ ಕೂರಲಿಲ್ಲ.

"ಜ್ವರ ಬಂದು ಹೋಗ್ಬಿಟ್ಟ ಕಣವ್ವ. ಅಲ್ಲೇ ಮಣ್ಣು ಮಾಡಿದ್ವಿ" ಅಂದ. ಕೈಸರ ಓಡಿಹೋಗುವುದಕ್ಕೆ ಎಷ್ಟೋ ಮುಂಚೆಯೇ ಆದದ್ದಂತೆ.

ಅವಳು ಎದೆ ಬಡಿದುಕೊಂಡು ಅಳುತ್ತಾಳೆಂದು ನಾವೆಲ್ಲ ಹೆದರಿ ಕೂತೆವು. ಅವಳು ನನ್ನ ಕಡೆ ತಿರುಗಿದಳು.

"ಇದು ಪೇಪರ್ನಾಗೆ ಬಂದಿತ್ತಾ ಸಾವ್ಕಾರ್ರೆ?"

"ಇಲ್ಲಮ್ಮ."

"ಯಾಕೆ?"

ನಾನು ಪತ್ರಿಕೆಯನ್ನು ಮಡಿಸತೊಡಗಿದೆ.

"ಈಗ ಓದ್ರಿ" ಅಂದಳು.

"ಏನಂತ ಓದ್ಲಮ್ಮ?"

"ಆ ರಾಜ ಓಡಿದ್ದನ್ನ ಹೆಂಗೆ ಓದಿದ್ರೋ ಹಂಗೇ ಓದ್ರಿ. ಬೀದಿಗೆಲ್ಲಾ ಕೇಳ್ಬೇಕು."

ಎದ್ದು ನಿಂತೆ. ಪತ್ರಿಕೆಯನ್ನು ಮುಖದ ಮುಂದೆ ಹಿಡಿದೆ. ಅವಳ ಮಗನ ಹೆಸರು, ಅವನ ತಂದೆಯ ಹೆಸರು, ಆದಿವಾಲ ಗ್ರಾಮ, ಹಿರಿಯೂರು ತಾಲ್ಲೂಕು ಎಂದು ಗಟ್ಟಿಯಾಗಿ ಓದಿದೆ. ಮಹಾರಾಜರ ರಿಸಾಲೆಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು ಮಿಸರ ದೇಶದಲ್ಲಿ ಜ್ವರದಿಂದ ತೀರಿಕೊಂಡನೆಂದು ಓದಿದೆ. ಕಾಯಿ ವ್ಯಾಪಾರಿ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಇನ್ನೊಂದ್ಸಲ ಓದ್ರಿ" ಅಂದಳು. ಓದಿದೆ.