ಗಾಜಿನಣ್ಣನ ಅಂಗಡಿಯ ಸೊಸೆಗಿಡ

ಮೀನಿನ ತೊಟ್ಟಿಗಳಿಗೆ ಗಾಜು ಅಂಟಿಸುವುದರಿಂದ ಬೀದಿಯವರೆಲ್ಲ ಅವರನ್ನು ಗಾಜಿನಣ್ಣ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನನಗೂ ಅಣ್ಣನೇ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ಅದನ್ನು ಕೆರೆಯುತ್ತಲೇ ಮಾತಾಡುತ್ತಾರೆ.

ನನ್ನ ಯಜಮಾನರು ತೀರಿಕೊಂಡ ವರ್ಷ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೆ ಕೆಲಸ ಸಿಕ್ಕಿತು. ತೊಟ್ಟಿಗೆ ಹಾಕುವ ನೀರುಗಿಡಗಳನ್ನು ತೊಳೆದು, ಬಸವನಹುಳು ಆರಿಸಿ ತೆಗೆದು, ಜಾತಿ ಬೇರೆ ಮಾಡಿ ನೀರಿನ ಟ್ರೇಗಳಲ್ಲಿ ಇಡಬೇಕು. ಆ ಕೆಲಸ ಹೋದರೆ ಬಾಡಿಗೆ ಕೋಣೆ ಬಿಟ್ಟು ಅಳಿಯನ ಮನೆ ಸೇರಬೇಕಿತ್ತು. ಅಳಿಯ ಒಳ್ಳೆಯವನೇ. ಆದರೆ ನನ್ನ ಬಾಗಿಲಿಗೆ ನಾನೇ ಚಿಲಕ ಹಾಕಿಕೊಳ್ಳುವ ಸುಖ ಅಲ್ಲಿಲ್ಲ.

ಓದು ನನಗೆ ಅಷ್ಟಕ್ಕಷ್ಟೆ. ಅಕ್ಷರ ಕೂಡಿಸುವಷ್ಟರಲ್ಲಿ ಹೊತ್ತಾಗುತ್ತಿತ್ತು. ಹಾಗಾಗಿ ಟ್ರೇಗೆ ಅಂಟಿಸಿದ ಹೆಸರಿನ ಚೀಟಿ ಬಿಟ್ಟು ಗಿಡವನ್ನೇ ಮುಟ್ಟಿ ಕಲಿತೆ. ನೋಟಕ್ಕೆ ಒಂದೇ ಥರ ಪೊದೆಪೊದೆಯಾದ ಎರಡು ಗಿಡಗಳಿದ್ದವು. ಒಂದು ಬೆರಳಿಗೆ ಮೆತ್ತಗೆ, ಅದು ನನಗೆ ಬೆಕ್ಕಿನ ಬಾಲ. ಇನ್ನೊಂದು ಒರಟು, ಬೇರಿನ ಸುಳಿವೇ ಇಲ್ಲ, ಅದು ಬಾಟಲಿ ಬ್ರಷ್.

ಒಂದು ಬೆಳಿಗ್ಗೆ ಗಾಜಿನಣ್ಣ ಹೊರಗೆ ಹೋಗಿದ್ದಾಗ ಗಿಡ ಬೆಳೆಸುವ ತೋಟದವನು ಒಂದು ಕ್ರೇಟ್ ತಂದ. ಮೂರನೇ ಟ್ರೇಯಲ್ಲಿರುವ ಗಿಡವೇ ಇದೂ ಎಂದ. ಟ್ರೇಯಲ್ಲಿದ್ದುದರ ಎಲೆ ಬಾಚಣಿಗೆಯಂತೆ ಎಳೆಎಳೆ. ಅವನು ತಂದದ್ದರ ಎಲೆ ಇಡಿಯಾಗಿತ್ತು.

"ಇದು ಅದಲ್ಲಪ್ಪ, ವಾಪಸ್ ತಗೊಂಡು ಹೋಗು."

"ಅದೇ ಇದು ಅಂದ್ರೆ ನಂಬಲ್ವಲ್ಲ ಅಜ್ಜಿ!" ಎಂದು ಗೊಣಗುತ್ತ ಗಾಡಿಗೇರಿಸಿದ.

ಮಧ್ಯಾಹ್ನ ಗಿರಾಕಿ ಕೇಳಿದಷ್ಟು ಗಿಡ ಟ್ರೇಯಲ್ಲಿರಲಿಲ್ಲ. ಗಲ್ಲಾದಲ್ಲಿ ಕೂರುವ ಗಾಜಿನಣ್ಣನ ಅಕ್ಕ, ತಮ್ಮನು ಒಳಗೆ ಕಾಲಿಟ್ಟೊಡನೆ ಶುರುಮಾಡಿದರು. "ಚೀಟಿ ಓದಕ್ಕೆ ಬರದವರ ಕೈಗೆ ಗಿಡ ಕೊಟ್ರೆ ಇನ್ನೇನಾಗುತ್ತೆ? ನಾಳೆಯಿಂದ ಬೇರೆಯವರನ್ನ ನೋಡು."

"ಅದರ ಎಲೆನೇ ಬೇರೆ ಇತ್ತು ಅಣ್ಣ" ಎಂದೆ. ಗಾಜಿನಣ್ಣ ಬೆರಳಿನ ಅಂಟು ಕೆರೆದರು. "ಸುಮ್ನಿರಕ್ಕ. ಎಲೆ ಬೇರೆ ಅಂದ್ರಲ್ಲ, ಕಣ್ಣಿಟ್ಟು ನೋಡಿದ್ದಾರೆ. ಮೊದಲ್ನೇ ವರ್ಷ ನಾನೂ ಇದನ್ನೇ ಬೇರೆ ಗಿಡ ಅಂತ ಬೀದಿಗೆ ಎಸೆದಿರಲಿಲ್ವಾ? ಗುಡಿಸಿದ್ದು ನೀನೇ."

"ಗುಡಿಸಿದ್ದು ನಾನು, ಬುದ್ಧಿ ಬಂದಿದ್ದು ನಿಂಗೆ. ಚೆನ್ನಾಗಿದೆ ನ್ಯಾಯ!"

ಗಾಜಿನಣ್ಣನೇ ತೋಟಕ್ಕೆ ಹೋಗಿ ಕ್ರೇಟನ್ನು ಮರಳಿ ತಂದರು. ಅದರ ಒಂದು ಕಡ್ಡಿಯನ್ನು ನೀರು ತುಂಬಿದ ಜಾಡಿಗೆ ಹಾಕಿ, ನಾನು ಗಿಡ ತೊಳೆಯುವ ಕಟ್ಟೆಯ ಮೇಲಿಟ್ಟರು. "ದಿನಾ ತುದಿ ನೋಡ್ತಾ ಇರಿ ಅಮ್ಮ."

ನೋಡಿದೆ. ಹತ್ತು ದಿನದಲ್ಲಿ ಹಳೆಯ ಎಲೆಗಳು ಕೊಳೆತು ಉದುರಿದವು. ಹೊಸ ಎಲೆಯ ಅಂಚು ಸೀಳಿಕೊಂಡಿತು. ಮೂರನೇ ವಾರಕ್ಕೆ ಅದೇ ಕಡ್ಡಿಯ ತುದಿಯಲ್ಲಿ ಸಾಕ್ಷಾತ್ ಬಾಚಣಿಗೆ! ತೋಟದ ಗಾಳಿಯಲ್ಲಿ ಬೆಳೆದಾಗ ಇಡಿ ಎಲೆ, ನೀರಲ್ಲಿ ಮುಳುಗಿದರೆ ಎಳೆ ಎಲೆ. ಗಿಡ ಒಂದೇ.

"ತವರಲ್ಲಿ ಒಂದು ಮುಖ, ಅತ್ತೆ ಮನೆಗೆ ಬಂದ್ಮೇಲೆ ಇನ್ನೊಂದು. ಇದು ಸೊಸೆನೇ ಅಣ್ಣ!" ಎಂದೆ.

ಅಕ್ಕ ಗಲ್ಲಾದಿಂದಲೇ ನಕ್ಕರು. "ನಮ್ಮತ್ತೆ ಇದ್ದಿದ್ರೆ ನಿಮ್ಮನ್ನೇ ತೊಟ್ಟಿಗೆ ಹಾಕ್ತಿದ್ರು!"

ಆ ಸಂಜೆ ಗಾಜಿನಣ್ಣ ಚೀಟಿಗಳನ್ನೆಲ್ಲ ಹೊಸದಾಗಿ ಬರೆದರು. ಮೇಲೆ ಪುಸ್ತಕದ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ನಾನಿಟ್ಟ ಹೆಸರು. ಗಿಡ ಮೊದಲೇ ಗೊತ್ತಿದ್ದರಿಂದ ಅಕ್ಷರ ತಾನಾಗಿ ತಲೆಗೆ ಹತ್ತಿತು. ಈಗ ಇದನ್ನು ಬರೆಯುತ್ತಿರುವುದೂ ಆ ಅಕ್ಷರಗಳಿಂದಲೇ.

ಹನ್ನೊಂದು ವರ್ಷ ದುಡಿದೆ. ಮಂಡಿ ಸೋತು ಕೆಲಸ ಬಿಟ್ಟ ದಿನ ಅವರು ಆ ಜಾಡಿಯನ್ನು ನನ್ನ ಕೋಣೆಯವರೆಗೂ ಹೊತ್ತು ತಂದರು. ಕೂಡಿಟ್ಟ ಸಂಬಳದಲ್ಲಿ ಬಾಡಿಗೆ ನಡೆಯುತ್ತಿದೆ, ಚಿಲಕ ಇಂದಿಗೂ ನನ್ನ ಕೈಯಲ್ಲೇ ಇದೆ. ಸೊಸೆಗಿಡ ನೀರು ದಾಟಿ ಮೇಲೆ ಬಂದಾಗಲೆಲ್ಲ ಇಡಿ ಎಲೆ ಬಿಡುತ್ತದೆ. ತವರು ನೆನಪಾಗಿರಬೇಕು, ನಾನು ಚಿವುಟುವುದಿಲ್ಲ.